ನಾನು ಕಟಿಂಗ್ ಬಿಟ್ಟ ಏಳು ತಿಂಗಳು

ಗೊಳಸಂಗಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ನಾನು ಪಾಸ್ಟರ್ ಆಗಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇದನ್ನು ಓದಿದರೆ ಅವರಿಗೇ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಬೇಕಾದ್ದು ಏನೂ ಇಲ್ಲ. ನಾನು ಸಿಂದಗಿಯವನು, ನನ್ನ ಹೆಂಡತಿ ಮುದ್ದೇಬಿಹಾಳದವಳು. ಇಬ್ಬರೂ ಊರಿಗೆ ಹೊಸಬರು. ನಮ್ಮ ಪ್ರಾರ್ಥನಾ ಮನೆ ಎಂದರೆ ತಗಡಿನ ಮಾಡಿನ ಒಂದೇ ಕೋಣೆ. ಬೇಸಿಗೆಯಲ್ಲಿ ನಾನು ನರಕದ ಬಗ್ಗೆ ಪ್ರಸಂಗ ಮಾಡುತ್ತಿರಲಿಲ್ಲ, ಜನಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಬರುವವರೆಲ್ಲ ಕೆಳಗಿನ ಓಣಿಯ ದಲಿತರು. ಆ ಓಣಿಯ ಅರ್ಧ ಜನ ಪ್ರತಿ ಭಾನುವಾರ ಬರುತ್ತಿದ್ದರು, ಉಳಿದ ಅರ್ಧ ಕ್ರಿಸ್‌ಮಸ್ ಕೇಕಿಗೆ ಬರುತ್ತಿದ್ದರು.

ಊರಿಗೆ ಹೋಗಿ ಮೂರನೆಯ ವಾರವೋ ನಾಲ್ಕನೆಯ ವಾರವೋ ಇರಬೇಕು. ನೆರೆಯವರನ್ನು ಪ್ರೀತಿಸುವುದರ ಬಗ್ಗೆ ಬಹಳ ಹುರುಪಿನಿಂದ ಮಾತಾಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂಡುತ್ತಿದ್ದಳು. ಪ್ರಸಂಗದ ನಡುವೆ ಮಾತಾಡಬಾರದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುವವಳಲ್ಲ.

"ಪಾಸ್ಟರ್ರ, ಒಂದ್ ಮಾತ ಕೇಳ್ಲಿ?"

"ಕೇಳ್ರಿ, ಅಜ್ಜಿ."

"ಕಟಿಂಗ್ ಎಲ್ಲಿ ಮಾಡಿಸ್ಕೊಂಡೀರಿ?"

ನಾನು ತಲೆ ಸವರಿಕೊಂಡೆ. ಹಿಂದಿನ ದಿನವಷ್ಟೇ ಮಾಡಿಸಿದ್ದೆ. "ಇಲ್ಲೇ, ಬಸ್ ನಿಲ್ಲೂ ಕಡೆ ಅಂಗಡಿ ಐತಲ್ಲ, ಅಲ್ಲಿ."

"ಚೊಲೋ ಮಾಡ್ಯಾನ. ನನ್ನ ಮಗ ಬಾಗೇವಾಡಿಗೆ ಹೋಗಿ ಮಾಡಿಸ್ಕೊಂಡು ಬರ್ತಾನ."

"ಯಾಕ್ರಿ? ಅಲ್ಲಿ ಇನ್ನೂ ಚೊಲೋ ಮಾಡ್ತಾರೇನು?"

ಇಡೀ ಸಭೆ ನಕ್ಕಿತು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಗ ನನಗೆ ತಿಳಿಯಿತು. ಆ ಅಂಗಡಿಯಲ್ಲಿ ಕೆಳಗಿನ ಓಣಿಯವರ ತಲೆ ಮುಟ್ಟುವುದಿಲ್ಲ. ಅಜ್ಜಿಯ ಮಗ ಗೌಂಡಿ. ಮೇಲಿನ ಓಣಿಯ ಅರ್ಧ ಮನೆಗಳನ್ನು ಕಟ್ಟಿದವನು ಅವನೇ. ಆ ಕಟಿಂಗ್ ಅಂಗಡಿಯ ಗೋಡೆ ಎತ್ತಿದವನೂ ಅವನೇ. ಅದರೊಳಗಿನ ಕುರ್ಚಿಯಲ್ಲಿ ಮಾತ್ರ ಕೂತವನಲ್ಲ.

ನಾನು ಬೇಗ ಬಿಸಿಯಾಗುವ ಮನುಷ್ಯ. ನಿಂತ ನಿಲುವಿನಲ್ಲೇ ಹೇಳಿಬಿಟ್ಟೆ, "ಆ ಅಂಗಡ್ಯಾಗ ನಿಮ್ಮೆಲ್ಲಾರಿಗೂ ಕಟಿಂಗ್ ಆಗೂತನಕ ನಾನೂ ಕಟಿಂಗ್, ದಾಡಿ ಮಾಡಿಸ್ಕೊಳ್ಳಂಗಿಲ್ಲ. ಅಲ್ಲೂ ಇಲ್ಲ, ಎಲ್ಲೂ ಇಲ್ಲ."

ಎಲ್ಲರೂ ಆಮೆನ್ ಅಂದರು. ಮನೆಗೆ ಬಂದ ಮೇಲೆ ಹೆಂಡತಿ ಅಂದಳು, "ಪ್ರಸಂಗ ಬರ್ಕೊಂಡು ಹೋಗ್ರಿ ಅಂತ ಎಷ್ಟ ಸಲ ಹೇಳೇನಿ. ಬರ್ಕೊಂಡು ಹೋಗಿದ್ರ ಈ ಮಾತ ಬರ್ತಿರ್ಲಿಲ್ಲ."

ಮರುದಿನ ಅಂಗಡಿಗೆ ಹೋದೆ. ಕಟಿಂಗ್ ಮಾಡುವವನು ತೆಳ್ಳಗಿನ, ಮೆತ್ತಗಿನ ಮನುಷ್ಯ. ಹೇಳಿದ್ದನ್ನೆಲ್ಲ ಕೇಳಿ, ಕತ್ತರಿ ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡ.

"ನನಗ ಏನೂ ಇಲ್ರಿ. ತಲಿ ಎಲ್ಲಾ ಒಂದ. ಆದ್ರ ಮ್ಯಾಲಿನ ಓಣಿಯವರು ಬರೂದ ಬಿಟ್ರ ನಾ ಎಲ್ಲಿಗೆ ಹೋಗ್ಲಿ?"

"ಯಾರ ಬ್ಯಾಡ ಅಂದಾರ ನಿನಗ?"

ಅವನು ನನ್ನ ಕೈ ಬಿಟ್ಟು ಕತ್ತರಿ ಎತ್ತಿಕೊಂಡ. "ಯಾರೂ ಅಂದಿಲ್ರಿ. ಆದ್ರೂ ಬ್ಯಾಡ ಅಂತಾರ."

ನಾನು ಎದ್ದು ಬಂದೆ. ಕೂದಲು ಬೆಳೆಯತೊಡಗಿತು.

ಎರಡು ತಿಂಗಳಿಗೆ ಕಿವಿ ಮುಚ್ಚಿತು. ಮೂರು ತಿಂಗಳಿಗೆ ಗಡ್ಡ ಎದೆಯ ಕಡೆಗೆ ಹೊರಟಿತು. ಊರಲ್ಲಿ ನನಗೆ ಇದ್ದ ಒಬ್ಬನೇ ಗೆಳೆಯ ಎಂದರೆ ಹಿಟ್ಟಿನ ಗಿರಣಿಯ ಸಾಹೇಬರು. ತಲೆತಲಾಂತರದಿಂದ ಅದೇ ಊರಿನ ಮುಸ್ಲಿಂ ಮನೆತನ; ಎರಡೂ ಓಣಿಯ ಜೋಳ ಒಂದೇ ಕಲ್ಲಿನಲ್ಲಿ ಬೀಸುವವರು. ಮೈಯೆಲ್ಲ ಹಿಟ್ಟಾಗಿ ಯಾವಾಗಲೂ ಬೆಳ್ಳಗೆ ಕಾಣುತ್ತಿದ್ದರು. ನನ್ನ ಗಡ್ಡ ನೋಡಿ ಅವರೆಂದರು, "ಪಾಸ್ಟರ್ರ, ನಾ ಗಡ್ಡಾ ಬಿಟ್ಟು ಮೂವತ್ತ ವರ್ಷ ಆತು. ನಿಮ್ಮ ಮುಷ್ಕರಕ್ಕ ನಾ ಮೊದಲ ಸೇರೇನಿ ಅಂತ ಬರ್ಕೊಳ್ರಿ."

ಆ ದಿನಗಳಲ್ಲಿ ಇಂಡಿ ಕಡೆ ಒಂದು ಮದುವೆ ಮಾಡಿಸಲು ಹೋಗಬೇಕಾಯಿತು. ಝಳಕಿಯಲ್ಲಿ ಇಳಿದು ಚಹಾ ಕುಡಿಯುತ್ತ ಕೂತಿದ್ದೆ. ಒಬ್ಬ ಹೆಣ್ಣುಮಗಳು ಬಂದು ಕಾಲಿಗೆ ಬಿದ್ದಳು.

"ಅಜ್ಜಾರ, ನನ್ನ ಎಮ್ಮಿ ಹಾಲ ಕೊಡವಲ್ದು. ಒಂದ್ ಅಂತ್ರ ಕಟ್ಟಿ ಕೊಡ್ರಿ."

"ಅಕ್ಕಾರ, ನಾ ಸ್ವಾಮಿ ಅಲ್ರಿ. ನಾ ಕ್ರಿಶ್ಚನ್ ಪಾಸ್ಟರ್."

ಆಕೆ ಸ್ವಲ್ಪವೂ ವಿಚಲಿತಳಾಗಲಿಲ್ಲ. "ಇರ್ಲಿ ಬಿಡ್ರಿ, ಕ್ರಿಶ್ಚನ್ ಅಂತ್ರಾನ ಕೊಡ್ರಿ."

ತಾಯಿತ ಕಟ್ಟಿ ಕೊಡಲಿಲ್ಲ. ಎಮ್ಮೆಗಾಗಿ ಪ್ರಾರ್ಥನೆ ಮಾಡಿ ಕಳಿಸಿದೆ. ಎಮ್ಮೆಯ ಕಡೆಯಿಂದ ಮುಂದೆ ಸುದ್ದಿ ಬರಲಿಲ್ಲ.

ಐದನೆಯ ತಿಂಗಳಿಗೆ ಸುದ್ದಿ ಸಭೆಯ ಮೇಲಿನವರಿಗೆ ಮುಟ್ಟಿತು. ನಮ್ಮ ಭಾಗದ ಸಭೆಗಳನ್ನೆಲ್ಲ ನೋಡಿಕೊಳ್ಳುವ ಹಿರಿಯರು ವಿಜಯಪುರದಿಂದ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತು, "ಪಾಸ್ಟರ್ ಒಳಗ ಅದಾರೇನು?" ಎಂದು ನನ್ನನ್ನೇ ಕೇಳಿದರು. ಊಟಕ್ಕೆ ಕೂತಾಗ ಹೆಂಡತಿ ಅವರ ಮುಂದೆ ದೂರು ಇಟ್ಟಳು. "ನೀವರ ಹೇಳ್ರಿ ಇವರಿಗೆ. ದಿಂಬಿಗೆ ಎಣ್ಣಿ, ಹಾಸಿಗಿಗೆ ಎಣ್ಣಿ. ತ್ಯಾಗ ಇವರದು, ಒಗ್ಯಾಣ ನಂದು." ಹಿರಿಯರು ಕಾರಣವೆಲ್ಲ ಕೇಳಿದರು. ಶಿಸ್ತಿನ ಬಗ್ಗೆ ಮಾತಾಡಲೆಂದೇ ಬಂದವರು, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಮ್ಮ ನುಣ್ಣನೆಯ ಬೋಳುತಲೆಯ ಮೇಲೆ ಕೈಯಾಡಿಸಿದರು. "ನಾ ಏನ್ ಹೇಳ್ಲೆವ್ವ? ಈ ವಿಷಯದಾಗ ತ್ಯಾಗ ಮಾಡಾಕ ನನ್ನ ಕಡೆ ಏನೂ ಉಳಿದಿಲ್ಲ."

ಹೀಗೆ ನನ್ನ ಕೂದಲಿಗೆ ಹೆಸರು ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಕನ್ನಡಿಯ ಮುಂದೆ ನಿಂತರೆ ಗೋಡೆಯ ಕ್ಯಾಲೆಂಡರಿನ ಯೇಸುವಿನ ಹೋಲಿಕೆ ಸ್ವಲ್ಪ ಇದೆ ಅನಿಸುತ್ತಿತ್ತು. ಒಮ್ಮೆ ಅದನ್ನು ಅಜ್ಜಿ ನೋಡಿಬಿಟ್ಟಳು. "ಹಂಗೇನ ತಿಳ್ಕೊಬ್ಯಾಡ್ರಿ. ಕರಡಿ ಕಂಡಂಗ ಕಾಣ್ತೀರಿ."

ಏಳನೆಯ ತಿಂಗಳಲ್ಲಿ ಆಕೆಯ ಮಗ ಗೌಂಡಿ ಬಂದ. ಅವನದು ಮಾತು ಕಡಿಮೆ. ಹೊಸ್ತಿಲ ಹೊರಗೇ ನಿಂತು ಹೇಳಿದ.

"ಪಾಸ್ಟರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೂದಲ ಬೆಳದ್ರ ನಮಗೇನ ಬಂತು? ನೀವು ಉದ್ದ ಕೂದಲ ಪಾಸ್ಟರ್ ಅಂತ ಇಂಡಿತನಕ ಹೆಸರ ಮಾಡಿದ್ರಿ. ನಾವು ಇನ್ನೂ ಬಾಗೇವಾಡಿ ಬಸ್‌ನ್ಯಾಗ ಇದ್ದೇವಿ. ನನ್ನ ಮಗಳ ನಿಶ್ಚಿತಾರ್ಥ ಐತಿ. ನನ್ನೂರಾಗ ನಾ ಕಟಿಂಗ್ ಮಾಡಿಸ್ಕೊಂಡು ಬೀಗರ ಮುಂದ ಕೂಡ್ಬೇಕು. ಇಲ್ಲಾಂದ್ರ ನಾವು ಪೊಲೀಸ್ ಠಾಣಾಕ್ಕ ಹೋಗ್ತೇವಿ."

ಏಳು ತಿಂಗಳಲ್ಲಿ ನಾನು ಮಾಡಿದ ಕೆಲಸ ಒಂದೇ, ಕೂದಲು ಬೆಳೆಸಿದ್ದು. ಅದನ್ನೂ ನಾನು ಮಾಡಿರಲಿಲ್ಲ, ಅದೇ ಬೆಳೆದಿತ್ತು. ಸಮಾಧಾನ ಮಾಡಿಸುವವನು ಎಂದು ನನ್ನನ್ನು ನಾನೇ ಕರೆದುಕೊಂಡು, ಯಾರ ಸಮಾಧಾನವನ್ನೂ ಕದಡದೆ ಕೂತಿದ್ದೆ. ಅವನನ್ನು ಒಳಗೆ ಕರೆದು ಕೂರಿಸಿದೆ. "ಕಾಯ್ದೆ ನಿಮ್ಮ ಕಡೆ ಐತಿ. ನೀವು ಹೋದ್ರ ನಾನೂ ಸಂಗಡ ಬರ್ತೇನಿ, ಸಾಕ್ಷಿನೂ ಹೇಳ್ತೇನಿ. ಅದಕ್ಕ ಮೊದಲ ಒಂದ್ ವಾರ ಕೊಡ್ರಿ. ನಾ ಇನ್ನೂ ಯಾರನ್ನೂ ಸರಿಯಾಗಿ ಕೇಳೇ ಇಲ್ಲ."

ಗಿರಣಿ ಸಾಹೇಬರನ್ನು ಜೊತೆಗೆ ಕರೆದುಕೊಂಡು ಮೇಲಿನ ಓಣಿಗೆ ಹೊರಟೆ. ಮೊದಲ ಮನೆ ಊರ ಹಿರಿಯರದು. ದೊಡ್ಡ ಹೊಲಮನೆಯವರು, ಒಳ್ಳೆಯ ಮಾತಿನವರು.

"ನಮದು ಸಮಾನತೆ ಹುಟ್ಟಿದ ನೆಲ್ರಿ, ಪಾಸ್ಟರ್ರ. ಶರಣರು ಹುಟ್ಟಿದ ಇಂಗಳೇಶ್ವರ ಇಲ್ಲಿಂದ ಎಷ್ಟ ದೂರ ಐತಿ ಹೇಳ್ರಿ?"

ಸಾಹೇಬರು ಮೆಲ್ಲಗೆ ಕೇಳಿದರು, "ಅದು ಬೈಕಿನ್ಯಾಗ ಹೋಗೂವಷ್ಟು ದೂರ ಐತ್ರಿ. ಕಟಿಂಗ್ ಅಂಗಡಿ ಎಷ್ಟ ದೂರ ಐತಿ?"

ಹಿರಿಯರು ಕೆಮ್ಮಿದರು. "ನಂದೇನ ತಕರಾರಿಲ್ಲ. ಬಾಜೂ ಮನಿಯವರು ಒಪ್ಪಂಗಿಲ್ಲ ನೋಡ್ರಿ."

ಬಾಜೂ ಮನೆಯವರೂ ಚಹಾ ಕೊಟ್ಟರು. ಅವರದೇನೂ ತಕರಾರು ಇರಲಿಲ್ಲ, ಅವರ ಬಾಜೂ ಮನೆಯವರದು ಇತ್ತು. ಹೀಗೆ ಓಣಿಯುದ್ದಕ್ಕೂ ನಡೆಯಿತು. ಮೂರು ದಿನ ಚಹಾ ಕುಡಿದು ಕುಡಿದು ನಮ್ಮ ಹೊಟ್ಟೆ ಉರಿಯತೊಡಗಿತು, ತಕರಾರಿನ ಮನುಷ್ಯ ಮಾತ್ರ ಸಿಗಲಿಲ್ಲ. ಕೊನೆಯ ಮನೆಯವರಿಗೆ ಬಾಜೂ ಮನೆ ಇರಲಿಲ್ಲ. ಅವರು ಓಣಿಯ ಆ ತುದಿಗೆ ಕೈ ತೋರಿಸಿ, "ಹಿರಿಯರು ಒಪ್ಪಂಗಿಲ್ರಿ" ಅಂದರು.

ನಡುವೆ ಒಬ್ಬನೇ ಒಬ್ಬ ಬೇರೆ ಥರ ಮಾತಾಡಿದ್ದ. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಒರಟು ಮನುಷ್ಯ. ಚಹಾ ಕೊಡಲಿಲ್ಲ. "ನನಗ ಒಪ್ಪಿಗಿ ಇಲ್ಲ. ನಮ್ಮಪ್ಪಗ ಇರ್ಲಿಲ್ಲ, ನನಗೂ ಇಲ್ಲ. ಹೋಗಿಬರ್ರಿ." ಹೊರಗೆ ಬಂದು ಸಾಹೇಬರು ನಿಟ್ಟುಸಿರು ಬಿಟ್ಟರು. "ಕೆಟ್ಟ ಮಾತು ಖರೆ. ಆದ್ರ ಮೂರು ದಿನದಾಗ ನಮಗ ಖರೇ ಹೇಳಿದಾವ ಇಂವ ಒಬ್ಬಾನ."

ಎಲ್ಲರನ್ನೂ ಒಂದೇ ಕಡೆ ಕೂಡಿಸುವುದೊಂದೇ ಉಳಿದಿತ್ತು. ಮರುದಿನ ಬೆಳಿಗ್ಗೆ ಕಟಿಂಗ್ ಅಂಗಡಿಯ ಮುಂದೆ ಎರಡೂ ಓಣಿಯವರು ಸೇರಿದರು. ಕಟಿಂಗ್‌ನವನು ಶಟರ್ ಎಳೆದು, ಅದರ ಮುಂದೆ ತಾನೇ ಆರೋಪಿ ಎಂಬಂತೆ ಕೈಕಟ್ಟಿ ನಿಂತಿದ್ದ. ಈ ಸಲ ನಾನು ಭಾಷಣ ಬರೆದುಕೊಂಡು ಹೋಗಿದ್ದೆ, ಹೆಂಡತಿ ತಿದ್ದಿಯೂ ಕೊಟ್ಟಿದ್ದಳು. ಕನ್ನಡಕ ಹುಡುಕುತ್ತಿದ್ದೆ, ಅಷ್ಟರಲ್ಲಿ ಅಜ್ಜಿ ಎದ್ದು ನಿಂತಳು.

"ನಮ್ಮವರು ಅಲ್ಲಿ ಕೂತ್ರ ಯಾರಿಗೆ ಬ್ಯಾಡಾಗೈತಿ? ಅವರು ಕೈ ಎತ್ರಿ."

ಯಾರೂ ಮಿಸುಕಲಿಲ್ಲ. ಕೊನೆಗೆ ಟ್ರ್ಯಾಕ್ಟರಿನವನೊಬ್ಬನೇ ಕೈ ಎತ್ತಿದ. ಎಲ್ಲರೂ ತಿರುಗಿ ಅವನನ್ನು ನೋಡತೊಡಗಿದರು. ಹಿರಿಯರಂತೂ ಇಂಥ ಮನುಷ್ಯ ನಮ್ಮ ಊರಲ್ಲಿದ್ದಾನೆಯೇ ಎಂಬಂತೆ ನೋಡಿದರು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಏನ್ ನೋಡ್ತೀರಿ? ನಾ ಎತ್ತಿದ್ದು ನಂದೊಂದ ಕೈ ಅಲ್ಲ. ನಿಮ್ಮೆಲ್ಲಾರ ಕೈ ಎತ್ತೇನಿ!"

ನನ್ನ ಭಾಷಣ ಕಿಸೆಯಲ್ಲೇ ಉಳಿಯಿತು. ಅದರಲ್ಲಿ ಇದಕ್ಕೆ ಸಮನಾದ ಒಂದು ವಾಕ್ಯವೂ ಇರಲಿಲ್ಲ. ಹಿರಿಯರು ಮುಂದೆ ಬಂದರು. ಆಮೇಲೆ ತಮ್ಮ ಬಲಗೈ ಎತ್ತಿ ಎಲ್ಲರಿಗೂ ತೋರಿಸಿ, ನಿಧಾನಕ್ಕೆ ಕೆಳಗಿಳಿಸಿದರು. "ಅಂವ ಹೇಳಿದ್ದು ಖರೆ. ನನ್ನ ಕೈನೂ ಇತ್ತು. ಈಗ ಇಳಿಸೇನಿ." ಹಿಂದೆ ನಿಂತ ಇನ್ನೂ ನಾಲ್ಕೈದು ಮಂದಿ ತಲೆ ಅಲ್ಲಾಡಿಸಿದರು. "ತಗಿ ಶಟರ್," ಅಂದರು ಹಿರಿಯರು.

ಕಟಿಂಗ್‌ನವನು ನನ್ನ ಕಡೆ ಓಡಿ ಬಂದ. "ಮೊದಲ ನೀವು ಬರ್ರಿ, ಪಾಸ್ಟರ್ರ. ನಿಮ್ಮ ಕೂದಲ ನೋಡಿ ನೋಡಿ ನನಗ ಏಳು ತಿಂಗಳಿಂದ ನಿದ್ದಿ ಇಲ್ಲ."

"ನಂದು ಕಡೀಕ," ಅಂದೆ.

ಗೌಂಡಿ ಒಳಗೆ ಹೋಗಿ ಕೂತ. ತಾನೇ ಕಟ್ಟಿದ ಗೋಡೆಯನ್ನು ಕನ್ನಡಿಯಲ್ಲಿ ನೋಡಿದ. ಕಟಿಂಗ್‌ನವನು ಬಿಳಿ ಬಟ್ಟೆ ಹೊದಿಸಿ, ಕೊರಳ ಹಿಂದೆ ಗಂಟು ಹಾಕಿ, ರೂಢಿಯ ಹಾಗೆ ಕೇಳಿದ, "ಹೆಂಗ ಮಾಡ್ಲಿ?"

ಗೌಂಡಿಗೆ ತನ್ನ ಊರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂದ, "ಎಲ್ಲಾರಿಗೂ ಹೆಂಗ ಮಾಡ್ತಿ, ಹಂಗ ಮಾಡು."

ಬಾಗಿಲಲ್ಲಿ ನಿಂತ ನನಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋದರೆ ಕೈಗೆ ಬರೀ ಕೂದಲೇ ಸಿಕ್ಕಿತು. ಅಷ್ಟರಲ್ಲಿ ಒಳಗಿನಿಂದ "ಅಯ್ಯಯ್ಯ!" ಎಂದು ಕೂಗು ಬಂತು. ಕಟಿಂಗ್‌ನವನ ಕತ್ತರಿ ಜಾರಿ ಗೌಂಡಿಯ ಕಿವಿಗೆ ತಾಗಿತ್ತು. ಅವನು ಗಾಬರಿಯಿಂದ ಪಟಿಕ ಹಚ್ಚುತ್ತಿದ್ದರೆ ಗೌಂಡಿ ಕೂಗಿಕೊಂಡ, "ಇದಕ್ಕಿಂತ ಬಾಗೇವಾಡಿಯಾವ ಚೊಲೋ ಮಾಡ್ತಾನಲ್ಲೋ ಮಾರಾಯ!"

ಹೊರಗೆ ನಿಂತ ಎರಡೂ ಓಣಿಯವರು ಒಟ್ಟಿಗೆ ನಕ್ಕರು. ಕಟಿಂಗ್‌ನವನೂ ನಕ್ಕ. ಆಮೇಲೆ ಅವನ ಕತ್ತರಿ ಜಾರಲಿಲ್ಲ. ನನ್ನ ಸರದಿ ಬಂದದ್ದು ಮಧ್ಯಾಹ್ನಕ್ಕೆ. ಮುಗಿಸಿ ಮನೆಗೆ ಹೋದರೆ ಹೆಂಡತಿ ನನ್ನನ್ನು ನೋಡಿ, "ಇಷ್ಟ ಸಣ್ಣ ಮುಖ ಇತ್ತೇನ್ರಿ ನಿಮಗ?" ಅಂದಳು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಟ್ರ್ಯಾಕ್ಟರಿನವನೂ ಇನ್ನಿಬ್ಬರೂ ದಾಡಿ ಮಾಡಿಸಲು ಬಾಗೇವಾಡಿಗೆ ಹೋಗತೊಡಗಿದರು. ಆ ಇಬ್ಬರು ಬಸ್ಸಿಗೆ ಕಾದು ಕಾದು ಬೇಸತ್ತು, ಒಬ್ಬರಿಗೊಬ್ಬರು ತಿಳಿಯದ ಹಾಗೆ ವಾಪಸ್ ಬಂದು, ಅದೇ ಅಂಗಡಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತುಕೊಂಡರು. ಟ್ರ್ಯಾಕ್ಟರಿನವನು ಬರಲಿಲ್ಲ. ಮನೆಯಲ್ಲೇ ಬ್ಲೇಡು ಹಿಡಿದು ಮುಖ ಗಾಯ ಮಾಡಿಕೊಳ್ಳುತ್ತಾನೆ. ದಾರಿಯಲ್ಲಿ ಸಿಕ್ಕರೆ ಈಗಲೂ ನಿಂತು ಜಗಳವಾಡುತ್ತೇವೆ, ನಿಂತು ಜಗಳವಾಡುವಷ್ಟು ಸ್ನೇಹ ಆಗಿದೆ. ಚಹಾದಂಗಡಿಯಲ್ಲಿ ಕೆಳಗಿನ ಓಣಿಯವರಿಗೆ ಇನ್ನೂ ಕಾಗದದ ಕಪ್ಪು, ಉಳಿದವರಿಗೆ ಗಾಜಿನ ಲೋಟ. ಅದರ ಬಗ್ಗೆ ನಾನು ಚಹಾ ಬಿಡುತ್ತೇನೆ ಎನ್ನಲು ಬಾಯಿ ತೆರೆದಿದ್ದೆ. ಗೌಂಡಿ ತಡೆದ. "ನೀವು ಏನೂ ಬಿಡಬ್ಯಾಡ್ರಿ. ಈ ಸಲ ಮೊದಲ ದಿನಾನ ಹೋಗಿ ಕೇಳೂಣು." ಕೇಳಿದ್ದೇವೆ. ನೋಡಬೇಕು.

ನನಗೆ ಬಂದ ತೊಂದರೆ ಬೇರೆ. ಕೂಲಿಯವರಿಗೆ ರಜೆ ಎಂದರೆ ಭಾನುವಾರ ಒಂದೇ. ಕೆಳಗಿನ ಓಣಿಯ ಗಂಡಸರೆಲ್ಲ ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಸರದಿಗೆ ಕೂಡತೊಡಗಿದರು. ಪೇಪರು ಓದುವುದು, ರಾಜಕಾರಣ ಮಾತಾಡುವುದು, ಕಟಿಂಗ್ ಆದ ಮೇಲೂ ಏಳದಿರುವುದು. ಇತ್ತ ನಾನು ಹೆಂಗಸರಿಗೆ ಮಾತ್ರ ಪ್ರಸಂಗ ಮಾಡುತ್ತಿದ್ದೆ. ಒಂದು ವಾರ ತಡೆಯಲಾರದೆ ಅಂಗಡಿಗೇ ಹೋದೆ. ಬೆಂಚಿನಲ್ಲಿ ಗೌಂಡಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಪಕ್ಕದಲ್ಲಿ ಊರ ಹಿರಿಯರು.

"ಪ್ರಾರ್ಥನಾಕ್ಕ ಬರಂಗಿಲ್ಲೇನು?" ಎಂದು ಕೇಳಿದೆ.

"ಬರ್ತೇನ್ರಿ," ಅಂದ ಗೌಂಡಿ, "ಆದ್ರ ನನಗಿಂತ ಮೊದಲ ಹಿರಿಯರು ಬಂದಾರ. ಅವರದು ಆಗ್ಲಿ, ಆಮ್ಯಾಲ ನಂದು. ಪಾಳಿ ತಪ್ಪಿಸಾಕ ಆಗಂಗಿಲ್ಲಲ್ರಿ?"

ಮುಂದಿನ ವಾರದಿಂದ ಪ್ರಾರ್ಥನೆಯನ್ನು ಸಂಜೆ ಐದಕ್ಕೆ ಇಟ್ಟೆವು.