ಪರದೆಯ ಹೊರಗೆ ನಿಂತು ಹೇಳಿದ ಸುಳ್ಳು

ಇಂದು ಬೆಳಗ್ಗೆ ಎಮ್ಮೆಗೆ ಕಣಿಕೆ ಹಾಕಿದೆ, ಲಾಟೀನಿನ ಗಾಜು ಬೂದಿಯಿಂದ ಉಜ್ಜಿದೆ, ಅಂಗಡಿ ತೆಗೆದು ಕಾಳಿನ ಚೀಲಗಳ ಬಾಯಿ ಬಿಚ್ಚಿದೆ, ಮಧ್ಯಾಹ್ನ ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ. ಬಸಮ್ಮ ಬಂಜೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಹೇಳಿದವನು ನಾನು.

ಇದನ್ನು ಬರೆಯಿಸುತ್ತಿರುವುದು ಹೆದರಿಕೆಯೋ, ಸಂತೋಷವೋ—ಎರಡೂ ಇರಬೇಕು.

ನಮ್ಮದು ಮಸ್ಕಿಯಲ್ಲಿ ಕಾಳಿನ ಅಂಗಡಿ. ನಿಜಾಮ ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ, ಹಾಗಾಗಿ ನನಗೆ ಆ ಭಾಷೆ ಬರುತ್ತದೆ, ಬಸಮ್ಮನಿಗೆ ಬರುವುದಿಲ್ಲ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ ಲಿಂಗಸುಗೂರಿನ ದವಾಖಾನೆಗೆ ಹೋದೆವು. ಹೈದರಾಬಾದಿನಿಂದ ಬಂದಿದ್ದ ಡಾಕ್ಟರಮ್ಮನಿಗೆ ಕನ್ನಡ ಬಾರದು. ಪರದೆಯೊಳಗೆ ಅವರು ಬಸಮ್ಮನನ್ನು ಪರೀಕ್ಷಿಸಿದರು; ಹೊರಗೆ ನಿಂತು ನಾನು ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸುತ್ತಿದ್ದೆ. ಕೊನೆಗೆ ಡಾಕ್ಟರಮ್ಮ ಹೇಳಿದ್ದು—ಈಕೆಯಲ್ಲಿ ನನಗೆ ದೋಷ ಕಾಣಲಿಲ್ಲ. ಗಂಡಸಿನಲ್ಲೂ ಕಾರಣ ಇರುತ್ತದೆ. ನೀವೂ ತಪಾಸಣೆ ಮಾಡಿಸಿಕೊಳ್ಳಿ, ಕೆಲವಕ್ಕೆ ಔಷಧ ಉಂಟು.

"ಏನಂದ್ರು ರೀ?" ಬಸಮ್ಮ ಒಳಗಿನಿಂದಲೇ ಕೇಳಿದಳು.

"ದೋಷ ನಿನ್ನಾಗ ಐತಂತ," ಎಂದೆ.

ಅಷ್ಟೇ. ನಾಲಿಗೆ ತಾನಾಗಿ—ಇಲ್ಲ, ತಾನಾಗಿ ಅಲ್ಲ, ನಾನೇ ಹೊರಳಿಸಿದೆ.

ಆಮೇಲೆ ಅವಳು ಬೇವಿನ ಕಷಾಯ ಕುಡಿದಳು. ಹೊಟ್ಟೆಗೆ ಕಾದ ಕಬ್ಬಿಣದ ಬರೆ ಹಾಕಿಸಿಕೊಂಡಳು. ಓಣಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹಾಡಲು ಇವಳನ್ನೇ ಕರೆಯುತ್ತಿದ್ದರು, ತೊಟ್ಟಿಲಿಗೆ ಮಾತ್ರ ಕೈ ಹಚ್ಚಗೊಡುತ್ತಿರಲಿಲ್ಲ. ಗೋಡೆಗೊರಗಿ ಹಾಡಿ ಬರುತ್ತಿದ್ದಳು. ಅಲ್ಲಿ ಹಂಚಿದ ಗುಗ್ಗರಿಯನ್ನು ಅವಳು ತಂದರೆ ನಾನು ತಿನ್ನುತ್ತಿದ್ದೆ.

ಈಚೆಗೆ ತನ್ನ ತಂಗಿ ನೀಲಮ್ಮನನ್ನೇ ನನಗೆ ಎರಡನೆಯವಳಾಗಿ ತರುವ ಮಾತೆತ್ತಿದಳು. ಮಕ್ಕಳಾಗದವಳು ತಂಗಿಯನ್ನು ತರುವುದು ನಮ್ಮ ಕಡೆ ಇದ್ದದ್ದೇ. ನಾಳೆ ಗೊರೇಬಾಳದಿಂದ ಮಾವ ಬಂಡಿ ಕಟ್ಟಿಕೊಂಡು ಮಾತು ಮುಗಿಸಲು ಬರುವವರು. ಇಂದು ನಾನು ಉಣ್ಣಲು ಬಂದಾಗ ಬಸಮ್ಮ ತನ್ನ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದಳು. "ನಮ್ಮ ನೀಲಿಗೆ ಇದು ಒಪ್ಪತೈತಿ ನೋಡ್ರಿ."

ಆ ಹುಡುಗಿಗೂ ಮುಂದೆ ಬರೆ—

ಎಲ್ಲ ಹೇಳಿಬಿಟ್ಟೆ.

ಅವಳು ಸೀರೆ ಮಡಚಿದಳು. ಮತ್ತೆ ಬಿಚ್ಚಿದಳು. ಹೊಟ್ಟೆಯ ಕಲೆಯ ಮೇಲೆ ಕೈ ಇಟ್ಟುಕೊಂಡಳು.

"ಅಂದ್ರ ನಾ ಬಂಜಿ ಅಲ್ಲ?"

"ಅಲ್ಲ."

"ಇನ್ನೊಮ್ಮೆ ಅನ್ರಿ."

"ಅಲ್ಲ, ಬಸಮ್ಮ."

ಬೈಯುತ್ತಾಳೆಂದುಕೊಂಡೆ. ಅವಳು ನಕ್ಕಳು, ಅತ್ತಳು, ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ ನೆರೆಮನೆಯ ಖಾಸಿಂಬಿಯನ್ನು ಕೂಗಿದಳು. "ಖಾಸಿಂಬಿ, ನಾಳೆ ಲಿಂಗಸುಗೂರಿಗೆ ಬಾ ಬೇ! ನಿನ್ನ ಉರ್ದು ಬೇಕಾಗೈತಿ. ನಮ್ಮ ಮನಿಯವರ ಉರ್ದುಕ್ಕ ಹುಳ ಹತ್ತ್ಯಾವ!"

"ಯಾರಿಗೆ ಆರಾಮಿಲ್ಲ ಬೇ?"

"ಅದನ್ನ ನೋಡಾಕ ಹೊಂಟೀವಿ!"

ನನ್ನ ಕಿವಿ ಬಿಸಿಯಾದವು. ಆದರೂ ಎದೆ—ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತಿತ್ತು.

ಒಳಗೆ ಬಂದು ನನ್ನೆದುರು ನಿಂತಳು. "ಅಪ್ಪನ ಬಂಡಿ ಬಿಚ್ಚಗೊಡಂಗಿಲ್ಲ. ಅದರಾಗ ದವಾಖಾನಿಗೆ ಹೋಗೂದು. ಔಷಧ ಇದ್ರ ತಗೋರಿ. ಇಲ್ಲಂದ್ರ ದತ್ತಕ ತರೂಣು, ಕೂಸು ಕೂಸೇ. ನೀಲಿ ಮಾತ್ರ ಈ ಮನಿಗೆ ಬರಂಗಿಲ್ಲ. ಯಾಕಂತ ಅಪ್ಪಗ ನೀವ ಹೇಳಬೇಕು."

"ಹೇಳತೀನಿ," ಎಂದೆ. ಹೇಳುತ್ತೇನೆ, ಒಂದು ಮಾತೂ ಬಿಡದೆ.

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಕೇಳುವ ಬಾಯಿ ನನಗಿಲ್ಲ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಬಸಮ್ಮ ಹಸಿದವಳ ಹಾಗೆ ಉಂಡಳು. ನನ್ನ ತಾಟಿಗೆ ಬಡಿಸಲಿಲ್ಲ, ನಾನೇ ಎದ್ದು ಹಾಕಿಕೊಂಡೆ. ಮೊದಲು ನಿದ್ದೆ ಹೋದವಳು ಅವಳೇ.