ಗದ್ದಕ್ಕಿಳಿದ ಕೆಂಪು

ಫಕ್ಕೀರಪ್ಪಣ್ಣ, ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಹಾಳೆಗಳನ್ನು ಕೆಡಿಸಿದವನು ನಾನು — ಬೇಕೆಂದೇ ಕೆಡಿಸಿದೆ.

ಶಿಗ್ಗಾಂವದ ಆ ಪ್ರೆಸ್ಸಿನಲ್ಲಿ ಇದ್ದದ್ದು ಒಮ್ಮೆಗೆ ಒಂದೇ ಬಣ್ಣ ಒತ್ತುವ ಮಷಿನ್. ಬಣ್ಣಕ್ಕೊಂದು ದಿನ. ನೀವು ಹಿರಿಯ ಪ್ರಿಂಟರ್, ನಾನು ನಿಮ್ಮ ಕೈಕೆಳಗಿನವನು. ಮಳೆಗಾಲದಲ್ಲಿ ಹಾಳೆಗಳ ರಾಶಿಗೆ ಪ್ಲಾಸ್ಟಿಕ್ ಸುತ್ತದೆ ನೀವು ಮನೆಗೆ ಹೋದವರಲ್ಲ. ಹಸಿಗಾಳಿ ಕುಡಿದರೆ ಹಾಳೆ ಹಿಗ್ಗುತ್ತದೆ, ಕೂದಲೆಳೆಯಷ್ಟು ಹಿಗ್ಗಿದರೂ ಮುಂದಿನ ಬಣ್ಣ ಹಿಂದಿನದರ ಮೇಲೆ ಕೂರುವುದಿಲ್ಲ — ಇದನ್ನು ನನಗೆ ಕಲಿಸಿದವರೇ ನೀವು.

ತಿಳವಳ್ಳಿಯ ಸಾಹುಕಾರರೊಬ್ಬರ ತಾಯಿಯ ಪುಣ್ಯಸ್ಮರಣೆಗೆ ಆಕೆಯ ಭಾವಚಿತ್ರ ಅಚ್ಚಾಗುತ್ತಿತ್ತು. ಕೆಂಪು ಬಣ್ಣವೊಂದು ಬಾಕಿ. ಆ ಮಳೆಯ ಸಂಜೆ ಬೀಗ ಹಾಕುವ ಪಾಳಿ ನನ್ನದು. ನೀವು ಹೋದ ಮೇಲೆ ಪ್ಲಾಸ್ಟಿಕ್ ಬಿಚ್ಚಿ, ಹಾಳೆಗಳನ್ನು ಸಡಿಲಿಸಿ, ಹಿತ್ತಲ ಕಿಟಕಿ ತೆರೆದಿಟ್ಟೆ. ಬೆಳಿಗ್ಗೆ ನಿಮಗಿಂತ ಮೊದಲು ಬಂದು ಇದ್ದಂತೆಯೇ ಸುತ್ತಿದೆ. ಯಾಕೆ? ನಿಮ್ಮ ಜಾಗ ನನಗೆ ಬೇಕಿತ್ತು. ಇನ್ನೂ ಒಂದಿದೆ, ಹೇಳಲು ನಾಚಿಕೆ — ನೀವು ತಪ್ಪುವುದನ್ನು ಒಮ್ಮೆ ಕಣ್ತುಂಬ ನೋಡುವ ಆಸೆಯಿತ್ತು.

ನೋಡಿದೆ. ಬಣ್ಣದ ಮೇಲೆ ಬಣ್ಣ ಕೂರಿಸಲು ಹಾಳೆಯ ಈ ತುದಿಯ ಗುರುತು ಕೂಡಿಸಿದರೆ ಆ ತುದಿಯದು ಜರುಗುತ್ತಿತ್ತು. ನೀವು ಕನ್ನಡಕ ಒರೆಸಿದಿರಿ, ಮತ್ತೆ ಒರೆಸಿದಿರಿ. ಹಾಳೆ ಮುಟ್ಟಿ ನನ್ನ ಕಡೆ ತಿರುಗಿದಿರಿ.

"ತಮ್ಮಾ, ಪ್ಲಾಸ್ಟಿಕ್ ಯಾರರೆ ಬಿಚ್ಚಿದ್ರೇನೋ?"

"ಇಲ್ರಿ ಅಣ್ಣಾ, ನಿನ್ನಿ ನೀವ ಸುತ್ತಿದ್ದು ಹಂಗ ಐತಿ. ನಿಮ್ಮ ಕಣ್ಣ ಮೊದಲಿನಂಗ ಇಲ್ಲ ಅನಸ್ತೈತಿ."

ನೀವು ನನ್ನ ಮಾತು ನಂಬಿದಿರಿ. ಕಾರ್ಯ ಮರುದಿನವೇ ಇತ್ತು, ಬೇರೆ ಹಾಳೆ ತರಿಸಲು ಹೊತ್ತಿರಲಿಲ್ಲ. ಹಾಗೆಯೇ ಅಚ್ಚಾಯಿತು. ತುಟಿಯ ಕೆಂಪು ಗದ್ದಕ್ಕೆ ಇಳಿದಿತ್ತು. ಸಾಹುಕಾರರು ಒಂದು ಹಾಳೆ ಎತ್ತಿ ನಿಮ್ಮ ಮುಖಕ್ಕೇ ಹಿಡಿದರು.

"ಸತ್ತ ನಮ್ಮವ್ವಗ ಎರಡು ಬಾಯಿ ಮಾಡೀಯಲ್ಲೋ, ಕುರುಡಾ."

ನಾನು ಹಿಂದೆ ನಿಂತು, ಬಾಯಿಗೆ ಮಸಿಬಟ್ಟೆ ಅಡ್ಡ ಹಿಡಿದುಕೊಂಡು ನಕ್ಕೆ. ಹೌದು ಅಣ್ಣಾ, ನಕ್ಕೆ. ನೀವು ಮಾಲೀಕರಿಗೆ ಕೈಮುಗಿದು, "ನನ್ನ ಕಣ್ಣ ಹೋಗ್ಯಾವ್ರಿ, ಇನ್ನ ಈ ತಮ್ಮಗ ಮಷಿನ್ ಕೊಡ್ರಿ" ಎಂದಿರಿ. ಮತ್ತೆಂದೂ ಪ್ರೆಸ್ಸಿನ ಹೊಸ್ತಿಲು ತುಳಿಯಲಿಲ್ಲ. ಅವತ್ತಿನಿಂದ ಆ ಜಾಗದಲ್ಲಿ ನಾನಿದ್ದೇನೆ, ಹೆಂಡತಿ ಮಕ್ಕಳು ಅದರಲ್ಲೇ ಉಂಡಿದ್ದಾರೆ.

ಕಳೆದ ವಾರ ಸವಣೂರಿನ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಕಂಡೆ. ಬಸ್ಸು ಇನ್ನೂ ದೂರದಲ್ಲಿರುವಾಗಲೇ ಅದರ ಬೋರ್ಡು ಓದಿ, "ಹತ್ತಿಮತ್ತೂರು" ಎಂದು ನಿಮ್ಮಷ್ಟಕ್ಕೆ ಅಂದುಕೊಂಡಿರಿ. ಸರಿಯಾಗಿಯೇ ಓದಿದ್ದಿರಿ. ಆದರೂ ಹತ್ತಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯ ಕಡೆ ಬಾಗಿ ಕೇಳಿದಿರಿ.

"ಯವ್ವಾ, ಇದು ಎಲ್ಲಿ ಬಸ್ಸು? ನನಗ ಕಣ್ಣ ಕಾಣಂಗಿಲ್ಲ."

ಆಕೆ ಫೋನಿನಲ್ಲಿ ಮಾತಾಡುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಬಸ್ಸು ಹೊರಟುಹೋಯಿತು. ನೀವು ನಿಂತೇ ಇದ್ದಿರಿ. ನಾನು ನಿಮ್ಮ ಬೆನ್ನ ಹಿಂದೆಯೇ ಇದ್ದೆ — ಬಾಯಿ ಬಿಡಲಿಲ್ಲ.