ಕಾಕಾ ಅವರ ಪಾಲಿನ ಪೆಟ್ಟಿಗೆ

ಮನುಷ್ಯ ಭೂಮಿಯ ಮೇಲೆ ಎಳೆದುಕೊಂಡ ಗೆರೆಗಳಲ್ಲೆಲ್ಲ ದೇಶದ ಗಡಿಯೇ ಅತಿ ಗಂಭೀರವಾದದ್ದು. ಅದಕ್ಕಾಗಿ ಸೈನ್ಯಗಳು ಸತ್ತಿವೆ, ರಾಜ್ಯಗಳು ಮುಳುಗಿವೆ. ಅಮೆರಿಕದ ಡೆಟ್ರಾಯಿಟ್ ಕಡೆಯ ನಾವು ಅದನ್ನು ದಾಟುತ್ತಿದ್ದದ್ದು ಮಾತ್ರ ಆ ಕಡೆ ಬಿಯರ್ ಅಗ್ಗ ಅಂತ.

ತೊಂಬತ್ತರ ದಶಕದ ಕೊನೆ. ಕೆನಡಾದ ಡಾಲರ್ ಸೊರಗಿ ಕಡ್ಡಿಯಾಗಿತ್ತು. ನದಿಯಾಚೆಯ ವಿಂಡ್ಸರ್‌ನಲ್ಲಿ, ಸೇತುವೆ ಹತ್ತುವ ಮುಂಚೆ, ಸುಂಕವಿಲ್ಲದ ಅಂಗಡಿ. ಎರಡು ರಾತ್ರಿ ಕೆನಡಾದಲ್ಲಿ ಕಳೆದು ಬಂದವರು ತಲೆಗೊಂದು ಪೆಟ್ಟಿಗೆ ತರಬಹುದು. ಕಾನೂನು ನಿಜಕ್ಕೂ ಏನನ್ನುತ್ತಿತ್ತೋ ಕಾಣೆ, ನಮ್ಮ ಮಂದಿಯಲ್ಲಿ ಚಲಾವಣೆಯಲ್ಲಿದ್ದ ಶಾಸ್ತ್ರ ಇಷ್ಟು. ಈ ಶಾಸ್ತ್ರದ ಪ್ರಕಾರ ಕಾರಿನಲ್ಲಿ ಎಲ್ಲರಿಗಿಂತ ಬೆಲೆಯುಳ್ಳ ಪ್ರಯಾಣಿಕ ಅಂದರೆ ಕುಡಿಯದವನು. ಅವನ ತಲೆಗೂ ಪೆಟ್ಟಿಗೆ ಬರುತ್ತದೆ, ಗಂಟಲಿಗೆ ಹೋಗುವುದಿಲ್ಲ. ಊರಿಂದ ಬಂದ ತಂದೆತಾಯಿಗೆ ನಯಾಗರಾ ತೋರಿಸುವ ಭಕ್ತಿಯಲ್ಲಿ ಈ ಲೆಕ್ಕಾಚಾರವೂ ಸ್ವಲ್ಪ ಬೆರೆತಿರುತ್ತಿತ್ತು. ಏಕಾದಶಿ ಹಿಡಿಯುವ ತಾಯಂದಿರ ಹೆಸರಿನಲ್ಲಿ ಎಷ್ಟು ಬಿಯರ್ ಆ ಸೇತುವೆ ದಾಟಿತೋ ದೇವರೇ ಬಲ್ಲ.

ಆಗ ನಾನೂ ಬಾಗಲಕೋಟೆಯ ಗೆಳೆಯನೊಬ್ಬನೂ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೆವು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಬೇಸಿಗೆಗೆ ಅವನ ತಂದೆ ಬಂದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಸಾಕ್ಷಿಕಟ್ಟೆ ಹತ್ತಿದವರಿಗೆ ‘ಸತ್ಯವನ್ನೇ ಹೇಳುತ್ತೇನೆ’ ಅಂತ ಪ್ರಮಾಣ ಬೋಧಿಸುವುದು ಅವರ ಕೆಲಸವಾಗಿತ್ತು. ಶುಗರ್ ಇತ್ತು, ಬಿಪಿಯೂ ಇತ್ತು. ಕುಡಿದವರ ವಾಸನೆ ಬಂದರೆ ಕುರ್ಚಿ ಸರಿಸಿಕೊಂಡು ಕೂರುವ ಪೈಕಿ.

ನಯಾಗರಾ ನೋಡಿ ಅವರು ಹೇಳಿದ್ದು ಒಂದೇ ಮಾತು: “ನೀರು ಭಾಳ ಪೋಲಾಗಾಕ್ಹತ್ತೈತಿ.” ವಾಪಸ್ ಬರುವಾಗ ಪದ್ಧತಿಯಂತೆ ವಿಂಡ್ಸರ್‌ನಲ್ಲಿ ಕಾರು ನಿಂತಿತು. ಮೂರು ತಲೆ, ಮೂರು ಪೆಟ್ಟಿಗೆ.

“ಅಪ್ಪಾ, ಆಫೀಸರ್ ಕೇಳಿದ್ರ ಒಂದ್ ಪೆಟ್ಟಿಗಿ ನಂದು ಅನ್ರಿ,” ಅಂದ ಮಗ.

“ನಂದ?”

“ಹೆಸರಿಗಷ್ಟ ಅಪ್ಪಾ.”

ಸಾಮಾನ್ಯವಾಗಿ ಅಲ್ಲಿಯ ಅಧಿಕಾರಿಗಳು ಡ್ರೈವ್ ಮಾಡುವವನನ್ನು ಕೇಳಿ ಕಳಿಸಿಬಿಡುತ್ತಾರೆ. ಅಂದಿನವನು ಬಗ್ಗಿ ಹಿಂದಿನ ಸೀಟಿನತ್ತ ನೋಡಿದ. ಒಂದು ಪೆಟ್ಟಿಗೆ ನಿಮ್ಮದೇ ಸರ್? ನಿಮ್ಮ ಸ್ವಂತಕ್ಕೇನಾ? ಕಾಕಾ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೋರ್ಟಿನ ಇಂಗ್ಲಿಷಿನಲ್ಲಿ, ನನ್ನದು, ನನ್ನ ಸ್ವಂತ ಉಪಯೋಗಕ್ಕೆ, ಅಂದರು. ಅವನು ನಕ್ಕು ಕೈ ಬೀಸಿದ. ನಾವೂ ನಕ್ಕೆವು.

ಮರುದಿನ ಗರಾಜಿನಲ್ಲಿ ಎರಡೇ ಪೆಟ್ಟಿಗೆ ಇದ್ದವು. ಮೂರನೆಯದು ಕಾಕಾ ಅವರ ಮಂಚದ ಕೆಳಗೆ. ಸಂಜೆ ಅವರು ಸ್ನಾನ ಮಾಡಿ, ಒಂದು ಕ್ಯಾನ್ ಹಿಡಿದು ಹಿತ್ತಲ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ಕೂತು, ಮೂಗು ಮುಚ್ಚಿಕೊಂಡು ಹರಳೆಣ್ಣೆ ಕುಡಿದಂತೆ ಕುಡಿದರು. ಮೈಯೆಲ್ಲ ನಡುಗಿತು. ಪೂರ್ತಿ ಮುಗಿಸಿ ಕ್ಯಾನನ್ನು ತೊಳೆದಿಟ್ಟರು. ಮಾರನೆಯ ಸಂಜೆ ಇನ್ನೊಂದು.

“ಏನ್ ನಡಸೀರಿ ಅಪ್ಪಾ? ಶುಗರ್ ಏನಾಗಬೇಕು?”

“ನಂದು ಅಂತ ಹೇಳೀನಿ. ಕುಡೀದಿದ್ರ ಸುಳ್ಳ ಆಕ್ಕೈತಿ.”

ಮೊದಲ ಕೆಲವು ದಿನ ಇದು ನಮ್ಮ ವಲಯದಲ್ಲಿ ದೊಡ್ಡ ಹಾಸ್ಯವಾಗಿತ್ತು. ಸತ್ಯಕ್ಕಾಗಿ ರಾಜ್ಯ ಬಿಟ್ಟವರನ್ನು ಕೇಳಿದ್ದೆವು, ಸತ್ಯಕ್ಕಾಗಿ ಬಿಯರ್ ಹಿಡಿದವರು ಇವರೇ ಮೊದಲು. ಆದರೆ ಬೆರಳು ಚುಚ್ಚಿ ನೋಡಿದಾಗ ಶುಗರ್ ಏರಿತ್ತು. ಆನ್ ಆರ್ಬರ್‌ನ ಡಾಕ್ಟರ್ ಗೆಳೆಯ ಫೋನಿನಲ್ಲಿ, “ತಮಾಷೆ ಸಾಕು, ನಿಲ್ಲಿಸ್ರಪ್ಪ” ಅಂದ. ಮಗನ ಮಾತು ನಡೆಯದೆ ಸಂಧಾನಕ್ಕೆ ನಾನು ಹೋದೆ.

ಜುಲೈ ಸಂಜೆ, ಒಂಬತ್ತಾದರೂ ಬೆಳಕು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು.

“ಕಾಕಾ, ನಿಮ್ಮದೇ ಅಂದಮೇಲೆ ಅದನ್ನ ಯಾರಿಗಾದ್ರೂ ದಾನ ಕೊಡಬಹುದಲ್ಲ?”

“ಸ್ವಂತಕ್ಕೇನು ಅಂತ ಕೇಳ್ಯಾನ ತಮ್ಮಾ ಅಂವ.” ಒಂದು ಗುಟುಕು ನುಂಗಿ ಕಣ್ಣು ಮುಚ್ಚಿ ತೆರೆದರು. “ಒಂದ್ ಕೊಲಿ ಕೇಸಿನಾಗ ಸಾಕ್ಷಿಗೆ ಪ್ರಮಾಣ ಹೇಳಿಸಿದೆ. ಅಂವ ಕಟ್ಟಿ ಹತ್ತಿ, ಇವನ ಕೊಂದಾಂವ ಅಂತ ಆರೋಪಿ ಕಡೆ ಕೈ ಮಾಡಿದ. ಮಧ್ಯಾಹ್ನ ಚಾದಂಗಡ್ಯಾಗ ಸಿಕ್ಕು ನಗತಾನ. ಸಾಹೇಬ್ರ, ನೀವು ಹೇಳಿಸಿದ್ದಷ್ಟ ಖರೆ, ಉಳಿದಿದ್ದೆಲ್ಲಾ ಸುಳ್ಳು, ಅಂದ.”

“ನೀವೇನ್ ಮಾಡಿದ್ರಿ?”

“ಚಾ ಕುಡದೆ.”

ಹುಲ್ಲಿನ ಯಂತ್ರ ನಿಂತಿತು. ನಾನು ಕೇಳದಿದ್ದರೂ ಅವರೇ ಹೇಳಿದರು: ಆರೋಪಿಗೆ ಜೀವಾವಧಿ ಆಯಿತು, ಜೇಲಿನಲ್ಲೇ ಸತ್ತ. ಸತ್ತ ಮೇಲೆ ಬಾಗಲಕೋಟೆಯಲ್ಲಿ ಇವರ ಮನೆಯ ಮುಂದೆ ಎಷ್ಟೋ ವರ್ಷ ಬಂದು ನಿಲ್ಲುತ್ತಿದ್ದ. ಇಷ್ಟು ದೂರ ಬರಲಿಕ್ಕಿಲ್ಲ ಅಂತ ಕಾಕಾ ಅಂದುಕೊಂಡಿದ್ದರು. ಸೇತುವೆ ದಾಟಿದ ದಿನವೇ ಬಂದ.

“ಅಕಾ ಅಲ್ಲಿ, ಆ ಗಿಡದ ಬುಡಕ. ಏನೂ ಅನ್ನೂದಿಲ್ಲ ಪಾಪ. ನಾ ಕುಡಿಯೂ ಮಟಾ ನೋಡಿ ಹೋಗತಾನ. ಪೆಟ್ಟಿಗಿ ಮುಗಿದ್ರ ಬಿಡತಾನೇನೋ.”

ನಾನು ವಿಜ್ಞಾನದ ಪದವೀಧರ. ಗಿಡದ ಕಡೆ ತಿರುಗಿ ನೋಡಲಿಲ್ಲ.

ಗೆಳೆಯನಿಗೆ ಅಷ್ಟನ್ನೂ ಹೇಳಿದೆ. ಅವನಿಗೆ ಕೇಳಿಸಿದ್ದು ಶುಗರ್ ಒಂದೇ; ಮಗನಲ್ಲವೇ. ಶನಿವಾರ ಕಾಕಾ ವಾಕಿಂಗ್ ಹೋದಾಗ ಮಂಚದ ಕೆಳಗಿದ್ದ ಕ್ಯಾನುಗಳನ್ನೆಲ್ಲ ಒಡೆದು ಸಿಂಕಿಗೆ ಸುರಿದುಬಿಟ್ಟ. ಬಂದು ನೋಡಿದ ಕಾಕಾ ಬೈಯಲಿಲ್ಲ. “ಸೇತುವಿಗೆ ಕರಕೊಂಡು ನಡೀರಿ. ಸುಳ್ಳ ಹೇಳೀನಿ, ತಿದ್ದಬೇಕು,” ಅಂದರು.

ಅದೂ ಆಗುವ ಮಾತಾಗಿರಲಿಲ್ಲ. ಆ ಅಧಿಕಾರಿಯ ಮುಂದೆ ನಿಲ್ಲಬೇಕಾದರೆ ಮೊದಲು ಕೆನಡಾಕ್ಕೆ ಹೋಗಿ ಬರಬೇಕು. ಕಾಕಾ ಅವರ ಕೆನಡಾ ವೀಸಾ ಒಂದೇ ಸಲದ್ದು, ಮುಗಿದಿತ್ತು. ಆಡಿದ ಒಂದು ಮಾತು ಹಿಂದೆಗೆದುಕೊಳ್ಳಲು ಎರಡು ಸರ್ಕಾರಗಳ ಅಪ್ಪಣೆ ಬೇಕಾಗಿತ್ತು. ಗರಾಜಿನಿಂದ ಇನ್ನೊಂದು ಪೆಟ್ಟಿಗೆ ತಂದು ಮುಂದಿಟ್ಟೆ. “ಅದು ನಿನ್ನ ಪಾಲಿಂದು ತಮ್ಮಾ,” ಅಂದರು.

ಅಂದಿನಿಂದ ಅವರು ಊಟ ಅರ್ಧಕ್ಕೆ ಬಿಡತೊಡಗಿದರು. ಸಂಜೆ ಡೆಕ್ಕಿಗೆ ಹೋಗದೆ ಗಾಜಿನ ಬಾಗಿಲ ಒಳಗೇ ನಿಲ್ಲುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಹೋಗಿ ನಿಂತೆ.

“ಇನ್ನೂ ಬರ್ತಾನಾ ಕಾಕಾ?”

“ಈಗ ಇಬ್ಬರು.”

“ಇನ್ನೊಬ್ಬ ಯಾರು?”

“ಈ ಕಡೆ ಬೆನ್ನ ಮಾಡಿ ನಿಂತಾನ.” ತುಂಬ ಹೊತ್ತು ನೋಡಿದರು. “ನನ್ನ ಬೆನ್ನ ನಾ ಎಂದ ನೋಡೀನಿ? ಆದ್ರೂ ಗುರ್ತ ಸಿಕ್ತು.”

ಗೆಳೆಯ ಅಂದೇ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿ ವಾಪಸ್ ಟಿಕೆಟನ್ನು ಮುಂಚಿನ ತಾರೀಖಿಗೆ ಬದಲಿಸಿದ. ಆರು ತಿಂಗಳು ಇರಲು ಬಂದ ಕಾಕಾ ಎರಡು ತಿಂಗಳೂ ತುಂಬುವ ಮೊದಲೇ ಶಿಕಾಗೋದಿಂದ ವಿಮಾನ ಹತ್ತಿದರು. ಬಾಗಲಕೋಟೆಯಲ್ಲಿ ಇನ್ನೂ ನಾಲ್ಕು ವರ್ಷ ಬದುಕಿದ್ದರು. ಮನೆಯ ಮುಂಬಾಗಿಲು ಮುಚ್ಚಿಸಿ, ಹಿಂಬಾಗಿಲಿನಿಂದ ಓಡಾಡುತ್ತಿದ್ದರಂತೆ.